ಹಳೆಯ ಜಿಪ್ಸಿಗೆ ಸಾದಾ ಪ್ಲಗ್ಗೇ ಸರಿ

ಕಳೆದ ವರ್ಷ ಆಷಾಢದ ಒಂದು ಸಂಜೆ ಕುಮಟಾದಿಂದ ಶಿರಸಿಗೆ ಮರಳುತ್ತಿದ್ದೆ. ದೇವಿಮನೆ ಘಟ್ಟದ ನಡುವೆ ನನ್ನ ಹಳೆಯ ಮಾರುತಿ ಜಿಪ್ಸಿ ಮುಗ್ಗರಿಸತೊಡಗಿತು. ಮೂರೇ ಸಿಲಿಂಡರ್ ದುಡಿಯುತ್ತಿರುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಹಿಂದಿನ ವಾರವಷ್ಟೇ ನಾಲ್ಕು ಇರಿಡಿಯಂ ಸ್ಪಾರ್ಕ್ ಪ್ಲಗ್ ಹಾಕಿಸಿದ್ದೆ; ಸಿಲಿಂಡರಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವುದು ಪ್ಲಗ್ಗಿನ ಕೆಲಸ, ಇರಿಡಿಯಂ ಅದರ ತುದಿಗೆ ಹಾಕುವ ದುಬಾರಿ ಲೋಹ. ಅದಕ್ಕೂ ಮೊದಲು ಇದೇ ಮುಗ್ಗರಿಕೆ ಇತ್ತು, ದುಬಾರಿ ಪ್ಲಗ್ ಹಾಕಿದರೆ ಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರು, ನಂಬಿದ್ದೆ. ಒಂದು ತಿರುವಿನಲ್ಲಿ ಗಾಡಿಯನ್ನು ಬದಿಗೆ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದೆ. ಆ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಮೂರನೆಯ ಪ್ಲಗ್ಗಿನ ತಂತಿಯ ಮೇಲೆ, ರಬ್ಬರ್ ಟೋಪಿಯ ಬುಡದಿಂದ ಎಂಜಿನ್ನಿನ ಲೋಹಕ್ಕೆ, ತೆಳುವಾದ ನೀಲಿ ಕಿಡಿ ಚಟಚಟನೆ ಹಾರುತ್ತಿತ್ತು. ಪ್ಲಗ್ಗಿಗೆ ತಲುಪಬೇಕಾದ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅಂಥ ಪ್ಲಗ್ಗಿನ ತುದಿ ಚಿನ್ನದ್ದಾಗಿದ್ದರೂ ಏನು ಪ್ರಯೋಜನ?

ಅಂದಿನಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಜಿಪ್ಸಿ ಇಟ್ಟುಕೊಂಡವರು ಸಾದಾ ನಿಕ್ಕಲ್ ಪ್ಲಗ್ ಹಾಕಬೇಕು. ಉಳಿದ ಹಣವನ್ನು ತಂತಿಗಳಿಗೆ, ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ, ರಬ್ಬರ್ ಟೋಪಿಗಳಿಗೆ ಖರ್ಚು ಮಾಡಬೇಕು.

ನನ್ನದು 1998ರ ಜಿಪ್ಸಿ ಕಿಂಗ್. 1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್ ಇತ್ತು. 1996ರ ಕಿಂಗ್‌ಗೆ 1298 ಸಿಸಿ ಎಂಜಿನ್ ಬಂತು, ಆದರೆ ಕಾರ್ಬ್ಯುರೇಟರ್ ಹಾಗೆಯೇ ಉಳಿಯಿತು. ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮುಕಿಸುವ ಎಂಪಿಎಫ್ಐ ಬಂದದ್ದು 2000ದಲ್ಲಿ. ಈ ವ್ಯತ್ಯಾಸ ಪ್ಲಗ್ಗಿನ ಆಯ್ಕೆಯಲ್ಲಿ ಬಹಳ ಮುಖ್ಯ. ಕಾರ್ಬ್ಯುರೇಟರ್ ಗಾಡಿ ಬೆಳಗಿನ ಚಳಿಗೆ ಚೋಕ್ ಎಳೆದಾಗ, ಘಟ್ಟದಲ್ಲಿ ಲೋ ಗೇರಿನಲ್ಲಿ ತೆವಳುವಾಗ, ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಸುಡದೆ ಉಳಿದದ್ದು ಪ್ಲಗ್ಗಿನ ಬಿಳಿ ಪಿಂಗಾಣಿಯ ಮೂತಿಗೆ ಮಸಿಯಾಗಿ ಅಂಟುತ್ತದೆ. ಮಸಿ ವಿದ್ಯುತ್ತಿಗೆ ದಾರಿ. ಕಿಡಿ ಹಾರುವ ಬದಲು ಮಸಿಯ ಮೇಲೆ ಹರಿದು ಹೋಗುತ್ತದೆ.

ಈ ಮಸಿ ತಾನಾಗಿ ಸುಟ್ಟುಹೋಗಲು ಪ್ಲಗ್ಗಿನ ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. 800 ದಾಟಿ ಮೇಲಕ್ಕೇರಿದರೆ ಅಪಾಯ: ಕಿಡಿ ಬರುವ ಮೊದಲೇ ಮೂತಿಯ ಕೆಂಡದಿಂದ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೆ ಪೆಟ್ಟು ಬೀಳುತ್ತದೆ. ಈ ಎರಡರ ನಡುವೆ ಪ್ಲಗ್ ಉಳಿಯಬೇಕು. ನಮ್ಮ ಓಡಾಟ ಹೇಗಿದೆ ನೋಡಿ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಪ್ಪಿನ ಬೆಟ್ಟಕ್ಕೆ, ಅಲ್ಲಿಂದ ಮರಳಿ ಅಂಗಳಕ್ಕೆ. ಜೂನ್ ತಿಂಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತ, ಸುಣ್ಣ, ನೀರಿನ ಪೀಪಾಯಿಗಳನ್ನು ಹೊತ್ತು ಇಡೀ ದಿನ ಎರಡನೆಯ ಗೇರಿನಲ್ಲೇ. ಪ್ಲಗ್ 450 ಡಿಗ್ರಿ ಮುಟ್ಟುವ ಮೊದಲೇ ಎಂಜಿನ್ ಆರಿಸಿರುತ್ತೇವೆ. ನಮ್ಮ ಪ್ಲಗ್ಗುಗಳು ಸಾಯುವುದು ಸವೆದು ಅಲ್ಲ, ಮಸಿ ಹಿಡಿದು.

ಇರಿಡಿಯಂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆ ಲೋಹ ಕರಗಲು 2446 ಡಿಗ್ರಿ ಬೇಕು, ನಿಕ್ಕಲ್‌ಗೆ 1455 ಸಾಕು. ಅದಕ್ಕಾಗಿಯೇ ಇರಿಡಿಯಂ ತುದಿಯನ್ನು 0.4 ಅಥವಾ 0.6 ಮಿ.ಮೀ. ತೆಳುವಾಗಿಸಬಹುದು. ತುದಿ ತೆಳುವಾದಷ್ಟೂ ಕಡಿಮೆ ವೋಲ್ಟೇಜಿಗೆ ಕಿಡಿ ಹಾರುತ್ತದೆ; ಲೋಹ ಗಟ್ಟಿಯಾದ್ದರಿಂದ ಸವೆತವೂ ನಿಧಾನ. ಪ್ಲಗ್ ಬಿಚ್ಚಲು ಅರ್ಧ ಎಂಜಿನ್ ಕಳಚಬೇಕಾದ ಹೊಸ ಕಾರುಗಳಿಗೆ ಅದು ವರದಾನ. ಜಿಪ್ಸಿಯಲ್ಲಿ ನಾಲ್ಕೂ ಪ್ಲಗ್ ಕೈಗೆ ಸಿಗುತ್ತವೆ, ಹತ್ತು ನಿಮಿಷದ ಕೆಲಸ. ಪಿಂಗಾಣಿಗೆ ಮಸಿ ಹಿಡಿದರೆ ಇರಿಡಿಯಂ ಪ್ಲಗ್ಗೂ ಅಷ್ಟೇ ಅಸಹಾಯಕ. ಮೇಲಾಗಿ ಆ ಸೂಜಿಯಂಥ ತುದಿಯನ್ನು ತಂತಿಯ ಬ್ರಷ್‌ನಿಂದ ಉಜ್ಜುವಂತಿಲ್ಲ. ನಾನು ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿಸುವವನು. ಲಕ್ಷ ಕಿಲೋಮೀಟರ್ ಬಾಳುವ ತುದಿ ನನಗೇಕೆ?

ಸಾದಾ ಪ್ಲಗ್ಗನ್ನು ಜನ ತಾಮ್ರದ ಪ್ಲಗ್ ಎನ್ನುತ್ತಾರೆ. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಶಾಖವನ್ನು ಹೊರಗೆ ಸಾಗಿಸಲು. ಕಿಡಿ ಹಾರುವ ತುದಿ ನಿಕ್ಕಲ್ ಮಿಶ್ರಲೋಹದ್ದೇ.

ಇನ್ನು ಪ್ಲಗ್ಗಿನ ಮೇಲೆ ಬರೆದಿರುವ ಸಂಖ್ಯೆಯ ಮಾತು. ಹೆಚ್ಚು ಜನ ಎಡವುವುದು ಇಲ್ಲಿಯೇ. ನನ್ನ ಎಂಜಿನ್‌ಗೆ ಹೊಂದುವುದು ಎನ್‌ಜಿಕೆ ಕಂಪನಿಯ ಬಿಪಿಆರ್5ಇಎಸ್ ಅಥವಾ ಬಿಪಿಆರ್6ಇಎಸ್. ಮೊದಲ ಅಕ್ಷರ 14 ಮಿ.ಮೀ. ದಪ್ಪದ ಮರೆಯನ್ನು, ಅಂದರೆ ತಿರುಪಿನ ಸುತ್ತುಗಳನ್ನು, ಹೇಳುತ್ತದೆ. ‘ಪಿ’ ಎಂದರೆ ಮುಂದಕ್ಕೆ ಚಾಚಿದ ಮೂತಿ. ‘ಆರ್’ ಎಂದರೆ ಒಳಗೆ ರೆಸಿಸ್ಟರ್ ಇದೆ, ರೇಡಿಯೋದಲ್ಲಿ ಗರಗರ ಬರುವುದಿಲ್ಲ. ‘ಇ’ ಎಂದರೆ ಮರೆಯ ಉದ್ದ 19 ಮಿ.ಮೀ. ಈ ಉದ್ದದಲ್ಲಿ ರಾಜಿ ಸಲ್ಲದು: ಗಿಡ್ಡದಾದರೆ ಹೆಡ್ಡಿನ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ) ಖಾಲಿ ಮರೆಗಳಲ್ಲಿ ಮಸಿ ಗಟ್ಟಿಯಾಗುತ್ತದೆ, ಉದ್ದವಾದರೆ ಪಿಸ್ಟನ್ ಬಡಿಯಬಹುದು. ನಡುವಿನ 5 ಅಥವಾ 6 ಶಾಖದ ಅಂಕಿ. ಅದು ಕಿಡಿಯ ಬಿಸಿಯಲ್ಲ. ಪ್ಲಗ್ ತನ್ನ ಮೂತಿಯ ಶಾಖವನ್ನು ಎಷ್ಟು ಬೇಗ ಹೆಡ್ಡಿಗೆ ಬಿಟ್ಟುಕೊಡುತ್ತದೆ ಎಂಬುದರ ಅಳತೆ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣಗೆ. ಬಾಷ್ ಮತ್ತು ಚಾಂಪಿಯನ್‌ನಲ್ಲಿ ತಿರುಗುಮುರುಗು, ಅಂಕಿ ಹೆಚ್ಚಾದಷ್ಟೂ ಬಿಸಿ. ಒಂದು ಕಂಪನಿಯ ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ಇನ್ನೊಂದು ಕಂಪನಿಯದನ್ನು ಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತೆವಳಾಟವೇ ಹೆಚ್ಚಿರುವ ನನಗೆ 5 ಸರಿ. ಅಂಕೋಲಾ, ಕಾರವಾರದ ಕಡೆ ಹೆದ್ದಾರಿಯಲ್ಲಿ ದಿನವೂ ಓಡಿಸುವವರು 6 ಹಾಕಿಕೊಳ್ಳಲಿ.

ಕಿಡಿ ಹಾರುವ ಸಂದು 0.7ರಿಂದ 0.8 ಮಿ.ಮೀ. ಡಬ್ಬಿಯಿಂದ ತೆಗೆದ ಹೊಸ ಪ್ಲಗ್ಗನ್ನೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ. ಹೆಸರಿನ ಕೊನೆಯಲ್ಲಿ 11 ಎಂದಿದ್ದರೆ ಸಂದು 1.1 ಮಿ.ಮೀ., ಅದು ಈ ಗಾಡಿಯದಲ್ಲ.

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಗೆಳೆಯನ ಗಾಡಿಗೆ ಇನ್ನೊಂದು ಬಗೆಯ ಕಾಟ. ಕಾಳಿ ನದಿ ಕಡಲು ಸೇರುವ ಜಾಗದ ಉಪ್ಪು ಗಾಳಿಗೆ ತಂತಿಯ ತುದಿಯ ಲೋಹ ಹಸಿರುಗಟ್ಟುತ್ತದೆ, ಪ್ಲಗ್ಗಿನ ಪಾನಾ ಹಿಡಿಯುವ ಷಡ್ಭುಜಕ್ಕೆ ತುಕ್ಕು ಹತ್ತುತ್ತದೆ, ರಬ್ಬರ್ ಟೋಪಿ ಬಿರಿದು ಒಳಗೆ ತೇವ ನಿಲ್ಲುತ್ತದೆ. ಅವನು ಎರಡು ವರ್ಷದಲ್ಲಿ ಮೂರು ಬಾರಿ ಪ್ಲಗ್ ಬದಲಿಸಿದ, ತಂತಿ ಮಾತ್ರ ಹಳೆಯದೇ. ನಾನು ಜಗಳವಾಡಿ ತಂತಿ ಬದಲಿ ಮಾಡಿಸಿದೆ. ಟೋಪಿಯ ಒಳಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಹಚ್ಚಿದೆವು. ಈಗ ಅಣಶಿ ಘಟ್ಟ ಹತ್ತುವಾಗ ಅವನ ಗಾಡಿ ಕೆಮ್ಮುವುದಿಲ್ಲ.

ಬದಲಿಸುವಾಗ ಅವಸರ ಬೇಡ. ಎಂಜಿನ್ ಪೂರ್ತಿ ತಣ್ಣಗಾಗಲಿ, ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ಬಿಚ್ಚಿದರೆ ಮರೆ ಹಾಳಾಗುತ್ತದೆ. ಸುತ್ತಲಿನ ಕೆಂಪು ಧೂಳನ್ನು ಸೈಕಲ್ ಪಂಪಿನಿಂದ ಊದಿ ಆಮೇಲೆ ಪಾನಾ ಹಾಕಿ. ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಮರೆ ಓರೆಯಾಗಿ ಕೂತರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಬೆರಳಿಗೆ ಬಿಗಿಯಾದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡರಷ್ಟು ಸುತ್ತು, ಅಷ್ಟೇ. ಬಿಗಿತ ಅಳೆಯುವ ಟಾರ್ಕ್ ಪಾನಾ ಇದ್ದವರಿಗೆ 25ರಿಂದ 30 ನ್ಯೂಟನ್ ಮೀಟರ್. ತೋಳ ಬಲ ತೋರಿಸಿ ಮರೆ ಕಿತ್ತುಕೊಂಡ ಹೆಡ್ಡುಗಳನ್ನು ನಾನು ಗ್ಯಾರೇಜುಗಳಲ್ಲಿ ನೋಡಿದ್ದೇನೆ.

ಬಿಚ್ಚಿದ ಹಳೆಯ ಪ್ಲಗ್ಗುಗಳನ್ನು ದಯವಿಟ್ಟು ಹಾಗೆಯೇ ಎಸೆಯಬೇಡಿ. ಒಂದು ಅಡಿಕೆ ಹಾಳೆಯ ಮೇಲೆ ಸಾಲಾಗಿ, ಸಿಲಿಂಡರಿನ ಕ್ರಮದಲ್ಲಿ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ಮೂತಿ ತಿಳಿಕಂದು ಇದ್ದರೆ ಎಂಜಿನ್ ನೆಮ್ಮದಿಯಾಗಿದೆ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಹೆಚ್ಚು. ಏರ್ ಫಿಲ್ಟರ್ ಮತ್ತು ಚೋಕ್ ನೋಡಬೇಕು. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ವಿಪರೀತ ಬಿಸಿ. ಜಿಡ್ಡಾಗಿ ಹೊಳೆಯುವ ಕಪ್ಪಾದರೆ ಎಣ್ಣೆ ಒಳಗೆ ಇಳಿಯುತ್ತಿದೆ.

ಮೊನ್ನೆ ಭಾನುವಾರ ನನ್ನ ನಾಲ್ಕನ್ನೂ ಬಿಚ್ಚಿ ನೋಡಿದೆ. ಒಂದು, ಮೂರು, ನಾಲ್ಕು ತಿಳಿಕಂದು. ಎರಡನೆಯದರ ಮೂತಿಯಲ್ಲಿ ಜಿಡ್ಡು ಇತ್ತು. ಎಣ್ಣೆಯನ್ನು ತಡೆಯುವ ವಾಲ್ವ್ ಸೀಲ್ ಸವೆದಿರಬೇಕು. ಅಡಿಕೆ ಕೊಯ್ಲು ಮುಗಿದ ಮೇಲೆ ಹೆಡ್ ಬಿಚ್ಚಿಸುತ್ತೇನೆ. ಅಲ್ಲಿಯವರೆಗೆ ಅದೊಂದನ್ನು ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ ಹಾಕುತ್ತೇನೆ.