ಸ್ಪಷ್ಟನೆ: ಪ್ರಾಕ್ಸಿ ಇದ್ದರೂ ವೇರಿಯೇಬಲ್‌ಗಳ ಕ್ರಮ ಬದಲಿಸುವಂತಿಲ್ಲ

‘ಪ್ರಾಕ್ಸಿ ಹಾಕಿದರೆ ಹೊಸ ಆವೃತ್ತಿಯಲ್ಲಿ ವೇರಿಯೇಬಲ್ ಎಲ್ಲಿ ಬೇಕಾದರೂ ಸೇರಿಸಿ, ಹಳೆಯ ಡೇಟಾಕ್ಕೆ ಏನೂ ಆಗಲ್ಲ’ ಎಂಬ ಸಂದೇಶ ಸಾಲಿಡಿಟಿ (ಈಥೀರಿಯಮ್ ಬ್ಲಾಕ್‌ಚೈನ್‌ನಲ್ಲಿ ಓಡುವ ಕಾಂಟ್ರಾಕ್ಟ್ ಎಂಬ ಪ್ರೋಗ್ರಾಂಗಳನ್ನು ಬರೆಯುವ ಭಾಷೆ) ಕಲಿಯುವವರ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಪ್ರಾಕ್ಸಿ ಎಂದರೆ ಡೇಟಾವನ್ನು ತನ್ನಲ್ಲಿಟ್ಟುಕೊಂಡು, ಕೆಲಸವನ್ನು ‘ಇಂಪ್ಲಿಮೆಂಟೇಶನ್’ ಎಂಬ ಬದಲಿಸಬಹುದಾದ ಇನ್ನೊಂದು ಕಾಂಟ್ರಾಕ್ಟ್‌ಗೆ ಒಪ್ಪಿಸುವ ಕಾಂಟ್ರಾಕ್ಟ್.

ಹೀಗೆ ಒಪ್ಪಿಸುವ ಕರೆಯಾದ ಡೆಲಿಗೇಟ್‌ಕಾಲ್‌ನಲ್ಲಿ ಓಡುವುದು ಇಂಪ್ಲಿಮೆಂಟೇಶನ್‌ನ ಕೋಡ್. ಡೇಟಾ ಇರುವುದು ಪ್ರಾಕ್ಸಿಯ ಸ್ಟೋರೇಜ್‌ನಲ್ಲಿ. ಅಲ್ಲಿ ವೇರಿಯೇಬಲ್‌ನ ಹೆಸರಿಗೆ ಬೆಲೆಯಿಲ್ಲ, 32 ಬೈಟ್‌ಗಳ ಸ್ಲಾಟ್ ಸಂಖ್ಯೆಯೇ ಎಲ್ಲ. ಸ್ಲಾಟ್ 0ರಲ್ಲಿ ಓನರ್ ವಿಳಾಸ, 1ರಲ್ಲಿ ಒಟ್ಟು ಟೋಕನ್ ಸಂಖ್ಯೆ ಇದೆ ಎನ್ನಿ. ಹೊಸ ಆವೃತ್ತಿಯ ಕೋಡ್‌ನಲ್ಲಿ ಇವೆರಡಕ್ಕಿಂತ ಮೊದಲು ಯುಇಂಟ್256 (ಪೂರ್ತಿ ಒಂದು ಸ್ಲಾಟ್ ಹಿಡಿಯುವ ಪೂರ್ಣಸಂಖ್ಯೆ) ‘ಫೀ’ ಸೇರಿಸಿದರೆ, ಓನರ್ ವಿಳಾಸವೇ ಫೀ ಆಗಿ ಓದಿಸಿಕೊಳ್ಳುತ್ತದೆ. ಟೋಕನ್ ಸಂಖ್ಯೆ ಓನರ್ ಆಗಿ ಕೂರುತ್ತದೆ. ಎರರ್ ಕೂಡ ಬರುವುದಿಲ್ಲ, ಅದೇ ಕಷ್ಟ. ಹೊಸದೇನಿದ್ದರೂ ಕೊನೆಯಲ್ಲಿ ಸೇರಿಸಿ. ಪೇರೆಂಟ್ ಕಾಂಟ್ರಾಕ್ಟ್‌ಗೆ ಸೇರಿಸಿದರೂ ಅದರಿಂದ ವೇರಿಯೇಬಲ್‌ಗಳನ್ನು ಪಡೆಯುವ ಚೈಲ್ಡ್‌ನ ಸ್ಲಾಟ್‌ಗಳು ಸರಿಯುತ್ತವೆ. ಓಪನ್‌ಜೆಪ್ಪೆಲಿನ್ ಸಂಸ್ಥೆಯ ಅಪ್‌ಗ್ರೇಡ್ಸ್ ಪ್ಲಗಿನ್ ಹಳೆಯ, ಹೊಸ ಆವೃತ್ತಿಗಳ ಸ್ಲಾಟ್ ಜೋಡಣೆಯನ್ನು (ಲೇಔಟ್) ಹೋಲಿಸಿ ಇಂಥ ತಪ್ಪನ್ನು ತಡೆಯುತ್ತದೆ. ಅದರ ಎಚ್ಚರಿಕೆಯನ್ನು ಆಫ್ ಮಾಡಬೇಡಿ.

ಅದೇ ಸಂದೇಶದಲ್ಲಿರುವ ‘ಓನರನ್ನು ಕನ್‌ಸ್ಟ್ರಕ್ಟರ್‌ನಲ್ಲೇ ಇಡಿ’ ಎಂಬ ಸಲಹೆಯೂ ಸರಿಯಲ್ಲ. ಕನ್‌ಸ್ಟ್ರಕ್ಟರ್ (ಕಾಂಟ್ರಾಕ್ಟನ್ನು ಬ್ಲಾಕ್‌ಚೈನ್‌ಗೆ ಹಾಕುವಾಗ, ಅಂದರೆ ಡಿಪ್ಲಾಯ್ ಮಾಡುವಾಗ, ಒಮ್ಮೆ ಮಾತ್ರ ಓಡುವ ಕೋಡ್) ಬರೆಯುವುದು ಇಂಪ್ಲಿಮೆಂಟೇಶನ್‌ನ ಸ್ವಂತ ಸ್ಟೋರೇಜ್‌ಗೆ, ಪ್ರಾಕ್ಸಿಯಲ್ಲಿ ಓನರ್ ಸೊನ್ನೆಯಾಗಿಯೇ ಉಳಿಯುತ್ತದೆ. ಪ್ರಾಕ್ಸಿ ಡಿಪ್ಲಾಯ್ ಆಗುವ ಅದೇ ವಹಿವಾಟಿನಲ್ಲಿ ಇನಿಶಿಯಲೈಸರ್ (ಓನರ್‌ನಂಥ ಆರಂಭದ ಮೌಲ್ಯಗಳನ್ನು ಇಡುವ ಫಂಕ್ಷನ್) ಕರೆಯಿರಿ, ಇಂಪ್ಲಿಮೆಂಟೇಶನ್‌ನಲ್ಲಿ ಅದನ್ನು ಯಾರೂ ನೇರವಾಗಿ ಕರೆಯಲಾಗದಂತೆ ಮುಚ್ಚಿಡಿ. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ವಾಲೆಟ್‌ಗಳು ಹಂಚಿಕೊಂಡಿದ್ದ ಕೋಡ್ ಆದ ಲೈಬ್ರರಿಯಲ್ಲಿ ಇನಿಶಿಯಲೈಸರನ್ನು ಹೀಗೆ ಮುಚ್ಚದೆ ತೆರೆದೇ ಬಿಟ್ಟಿದ್ದರಿಂದ 5 ಲಕ್ಷಕ್ಕೂ ಹೆಚ್ಚು ಈಥರ್ (ಈಥೀರಿಯಮ್‌ನ ಹಣ) ಹೊರತೆಗೆಯಲಾಗದಂತೆ ಸಿಕ್ಕಿಹಾಕಿಕೊಂಡಿತು.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.