ನವನಗರದ ಗಿರಮಿಟ್

ನನ್ನ ಸೊಸಿಗೆ, ಅಂದರೆ ಗದಗಿಗೆ ಕೊಟ್ಟ ತಂಗಿಯ ಮಗಳಿಗೆ, ಐದು ವರ್ಷ. ಸೂಟಿಗೆಂದು ಧಾರವಾಡಕ್ಕೆ ಬಂದವಳು ಚಿಗರಿ ಬಸ್ಸಿನಲ್ಲಿ ಒಮ್ಮೆ ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಒಬ್ಬ ಗೆಳೆಯನನ್ನು ಗಂಟು ಹಾಕಿಕೊಂಡಳು. ಹೆಸರು ಗಿರಮಿಟ್. ಮನೆ ನವನಗರ, ಹೀಗಾಗಿ ಹುಬ್ಬಳ್ಳಿಯವರೂ ಅವನನ್ನು ನಮ್ಮವ ಅನ್ನುವುದಿಲ್ಲ, ಧಾರವಾಡದವರೂ ಅನ್ನುವುದಿಲ್ಲ. ಉದ್ಯೋಗ, ಎರಡೂ ಊರಿನ ನಡುವಿನ 22 ಕಿಲೋಮೀಟರ್ ದಾರಿಯನ್ನು ಚಿಗರಿಯಲ್ಲಿ ಕೂತು ದಿನವಿಡೀ ಅಳೆಯುವುದು. ಟಿಕೆಟ್ ತಗಸುವುದಿಲ್ಲ. ಉಳಿದಂತೆ ಗುಣವಂತ, ಎಲಿ-ಅಡಕಿ ಸುದ್ದಿಗೂ ಹೋಗುವವನಲ್ಲ. ಒಂದೇ ಕೊರತೆ ಅಂದರೆ ಅಂಥವನೊಬ್ಬ ಇಲ್ಲ.

ತಂಗಿಗೆ ಚಿಂತೆ ಹತ್ತಿತು. ನಾನು ಎಲ್ಲಿಯೋ ಓದಿದ್ದನ್ನು ದೊಡ್ಡಸ್ತಿಕೆಯಿಂದ ಹೇಳಿದೆ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಮಾರ್ಜರಿ ಟೇಲರ್ ಅಂತ ಒಬ್ಬ ಮನೋವಿಜ್ಞಾನಿ ವರ್ಷಗಟ್ಟಲೆ ಇಂಥ ಗೆಳೆಯರ ಬೆನ್ನು ಹತ್ತಿದ್ದಾರೆ. ಅವರೂ ಅವರ ಸಂಗಡಿಗರೂ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳು ವರ್ಷದೊಳಗೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಕ್ಕಳು ಎಂದಾದರೊಮ್ಮೆ ಇಂಥವರನ್ನು ಕಟ್ಟಿಕೊಂಡಿರುತ್ತಾರೆ. ತಂಗಿಗೆ ಸಮಾಧಾನವಾಗಲಿಲ್ಲ. "ಹಂಗಾರ ಆ ಉಳದ ಒಂದು ಪಾಲಿನಾಗ ನಮ್ಮಕಿ ಬರಲಿಕ್ಕೆ ಏನಾಗಿತ್ತು?" ಅಂದಳು.

ಅಷ್ಟರಲ್ಲಿ ಹುಡುಗಿಯ ಅಪ್ಪಣೆಯಾಯಿತು: "ಮಾಮಾ, ಗಿರಮಿಟ್‌ಂದು ಚಿತ್ರಾ ತಗದು ಕೊಡು."

ತಂಗಿ ತಡೆದಳು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರದಂಥ ಶಾಲೆ ಇಟ್ಟುಕೊಂಡು, ಇಲ್ಲಿ ಬಂದು ನಿನ್ನ ಕಡೆಯಿಂದ ಚಿತ್ರ ತೆಗೆಸಬೇಕೇನು ಅನ್ನುವುದು ಅವಳ ತಕರಾರು. ನನಗೂ ಅರ್ಹತೆ ಇಲ್ಲದಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆ ಪಾಸಾದವನು. ಅದಕ್ಕಾಗಿ ನಮ್ಮ ಮಾಸ್ತರು ಮುಂದೆ ಕೊಡ, ಬದನೆಕಾಯಿ ಇಟ್ಟು ಬರೆಸುತ್ತಿದ್ದರು. ಬದನೆಕಾಯಿ ಅಲುಗಾಡುವುದಿಲ್ಲ, ಎದುರು ಮಾತಾಡುವುದಿಲ್ಲ, ಅದು ಹೇಗಿರುತ್ತದೆಂದು ಊರಿಗೆಲ್ಲ ಗೊತ್ತು. ಗಿರಮಿಟ್‌ನನ್ನು ನೋಡಿದವಳು ಒಬ್ಬಳೇ, ಅವಳ ಸಾಕ್ಷಿಯೂ ಗಳಿಗೆಗೊಂದು.

"ಮೂಗು ಹೆಂಗೈತಿ?"

"ಇವತ್ತ ತಂದಿಲ್ಲ."

"ಕಿವಿ?"

"ಸೋಮವಾರ ದೊಡ್ಡವು ಇರ್ತಾವ."

"ಹೊಟ್ಟಿ?"

"ಒಳಗ ಮಿರ್ಚಿ ಭಜಿ ಐತಿ, ಅದು ಕಾಣಬೇಕು."

ಹೊಟ್ಟೆಯೊಳಗಿನ ಭಜಿ ಹೊರಗೆ ಕಾಣಬೇಕೆನ್ನುವುದು ಹಟವಲ್ಲ, ಅದಕ್ಕೂ ಶಾಸ್ತ್ರವಿದೆ. ಮಕ್ಕಳು ಕಂಡದ್ದನ್ನಲ್ಲ, ತಮಗೆ ಗೊತ್ತಿರುವುದನ್ನು ಬರೆಯುತ್ತಾರೆಂದು ಫ್ರಾನ್ಸಿನ ಲ್ಯೂಕೆ ಎಂಬುವರು 1927ರಲ್ಲೇ ಪುಸ್ತಕ ಬರೆದಿದ್ದಾರೆ. ಶಾಸ್ತ್ರ ಏನೇ ಇರಲಿ, ಅಂಗಿಯ ಗುಂಡಿಯ ನಡುವೆ ಭಜಿ ಬರೆದು, ಅದರ ಮೇಲೆ ಉಳ್ಳಾಗಡ್ಡಿ ಹೆಚ್ಚಿ ಹಾಕಿದ್ದನ್ನೂ ತೋರಿಸುವಷ್ಟರಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಆಗ ಅವಳು ಹತ್ತಿರ ಬಂದು, ಪಾಪ ಅನ್ನುವ ದನಿಯಲ್ಲಿ ಕಿವಿಯಲ್ಲಿ ಹೇಳಿದಳು: "ಮಾಮಾ, ಅವಾ ಖರೇನ ಇಲ್ಲ. ನಿನಗ ಗೊತ್ತೈತಿಲ್ಲೋ?" ಟೇಲರ್ ಅವರು ಮಾತಾಡಿಸಿದ ಮಕ್ಕಳೂ ನಡುವೆಯೇ ಹೀಗೆ ಎಚ್ಚರಿಕೆ ಕೊಟ್ಟದ್ದುಂಟಂತೆ. ದೊಡ್ಡವರ ಬುದ್ಧಿಯ ಬಗ್ಗೆ ಮಕ್ಕಳಿಗೆ ಎಲ್ಲ ಕಡೆಯೂ ಒಂದೇ ಅಭಿಪ್ರಾಯ ಅಂತ ಕಾಣುತ್ತದೆ.

ಚಿತ್ರ ಮುಗಿದ ಮೇಲೆ ನಾಲ್ಕು ಮಂದಿಗೆ ತೋರಿಸೋಣ ಅನ್ನಿಸಿತು. ಮಾಳಮಡ್ಡಿಯ ನಮ್ಮ ಕಟ್ಟೆಯ ಮೇಲೆ ಸಂಜೆ ನಾಲ್ಕು ಮಂದಿಗೇನೂ ಬರವಿಲ್ಲ. ಧಾರವಾಡದಲ್ಲಿ ಅಭಿಪ್ರಾಯ ಹೇಳುವುದಕ್ಕೆ ಒಂದು ರೀತಿ ಇದೆ. ಮೊದಲು "ಭಾಳ ಛೊಲೊ ಅದ" ಅನ್ನಬೇಕು. ಆಮೇಲೆ "ಯಾರು ತಗದಾರ?" ಅಂತ ಕೇಳಬೇಕು. ನಾನೇ ಅಂದರೆ "ಹೌದೇನ್ರಿ! ಇರ್ಲಿ ಬಿಡ್ರಿ" ಅನ್ನಬೇಕು. ಆ "ಇರ್ಲಿ ಬಿಡ್ರಿ" ಒಳಗೆ ಇರುವಷ್ಟು ವಿಮರ್ಶೆ ದೊಡ್ಡ ದೊಡ್ಡ ವಿಚಾರಸಂಕಿರಣಗಳಲ್ಲಿಯೂ ಇರುವುದಿಲ್ಲ.

ಬಾಜೂ ಮನೆ ವೈನಿ ಚಿತ್ರ ನೋಡಿದವರೇ, "ಹುಡುಗ ಸೊರಗ್ಯಾನಲ್ರೀ, ಹಾಲು ಕುಡೀತಾನಿಲ್ಲೋ?" ಅಂದರು. ಕಿರಾಣಿ ಅಂಗಡಿಯ ಸಾವಕಾರರು ಕನ್ನಡಕ ಏರಿಸಿ "ಯಾರ ಪೈಕಿ ಇಂವಾ?" ಅಂತ ಕೇಳಿದರು. ನವನಗರದಾಂವ ಅಂದದ್ದಕ್ಕೆ, "ಅಲ್ಲಿ ನಮ್ಮ ಬೀಗರದಾರ, ವಿಚಾರಸ್ತೀನಿ" ಅಂದು ಹೋದರು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಕಾಕಾನ ಮಗ ಚಿತ್ರವನ್ನು ನೋಡಲೇ ಇಲ್ಲ, ಹಿಂದೆ ತಿರುವಿ ಕಾಗದ ಮುಟ್ಟಿ ನೋಡಿ, "ಶೀಟಿಗೆ ಎಷ್ಟು ಬಿತ್ತು? ಇದರಾಗ ಏನರ ಉಳೀತೈತೇನು?" ಅಂತ ಕೇಳಿದ. ಅವರವರ ಊರಿನ ಗುಣ.

ಮರುದಿನ ಬಣ್ಣ ಇನ್ನೂ ಹಸಿ ಅಂತ ಚಿತ್ರವನ್ನು ಮಾಳಗಿಯ ಮೇಲೆ ಒಣಗಲು ಇಟ್ಟಿದ್ದೆ. ಪಕ್ಕದ ಮಾಳಗಿಯಲ್ಲಿ ವೈನಿಯವರ ಸಾಬೂದಾಣಿ ಸಂಡಿಗಿ ಇತ್ತು. ಗಾಳಿ ಬಿಟ್ಟಿತು. ಗಿರಮಿಟ್ ಹಾರಿಹೋಗಿ ಸಂಡಿಗಿಯ ಮೇಲೆ ಬೋರಲು ಬಿದ್ದ. ಎತ್ತಿ ನೋಡಿದರೆ ಅವನ ನೀಲಿ ಕೂದಲು ಮತ್ತು ಸೋಮವಾರದ ಒಂದು ಕಿವಿ ಸಂಡಿಗಿಗೆ ಹತ್ತಿತ್ತು, ಸಂಡಿಗಿ ಅವನ ಗಲ್ಲಕ್ಕೆ ಹತ್ತಿತ್ತು. ವೈನಿ ಒಂದು ಮಾತೂ ಬೈಯಲಿಲ್ಲ. ನೀಲಿಯಾದ ಸಂಡಿಗಿಯನ್ನೆಲ್ಲ ತಾಟಿನಲ್ಲಿ ಹಾಕಿ ನಮ್ಮ ಮನೆಗೆ ಕಳಿಸಿದರು, ಜೊತೆಗೆ ಒಂದು ಸಂದೇಶ: "ನಿಮ್ಮ ಹುಡುಗಗ ಕೊಡ್ರಿ, ಮದಲೇ ಸೊರಗ್ಯಾನ."

ಅದೇ ವಾರ ನಿವೃತ್ತ ಪ್ರಾಧ್ಯಾಪಕರೊಬ್ಬರು ಚಹಾಕ್ಕೆ ಬಂದರು. ಗಲ್ಲದ ಮೇಲಿನ ಸಂಡಿಗಿಯ ಗುರುತು ಅವರಿಗೆ ಬಹಳ ಹಿಡಿಸಿತು; ಚಿತ್ರದಲ್ಲಿ ಅದೊಂದೇ ಜೀವಂತ ಜಾಗ ಅಂದರು. ಆಮೇಲೆ ಮೆಕ್ಸಿಕೋದ ಫ್ರಿಡಾ ಕಾಲೋ ಸುದ್ದಿ ತೆಗೆದರು. ಆಕೆಗೂ ಆರು ವರ್ಷದವಳಿದ್ದಾಗ ಇಂಥದೇ ಒಬ್ಬ ಗೆಳತಿ ಇದ್ದಳಂತೆ. ಕಿಟಕಿ ಗಾಜಿನ ಮೇಲೆ ಉಸಿರು ಬಿಟ್ಟು, ಬೆರಳಿನಿಂದ ಬಾಗಿಲು ಬರೆದು, ಆ ಬಾಗಿಲಿನಿಂದ ಹೊರಬಿದ್ದು, ಪಿಂಜೋನ್ ಎಂಬ ಹಾಲಿನ ಅಂಗಡಿಯ ಹೆಸರಿನಲ್ಲಿದ್ದ 'ಓ' ಅಕ್ಷರದೊಳಗೆ ಇಳಿದು ಗೆಳತಿಯನ್ನು ಕಾಣುತ್ತಿದ್ದಳಂತೆ. 1939ರಲ್ಲಿ ಬರೆದ 'ಇಬ್ಬರು ಫ್ರಿಡಾ' ಚಿತ್ರದ ಮೂಲ ಅದು ಅಂತ ಆಕೆಯೇ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಪ್ರಾಧ್ಯಾಪಕರು ಇನ್ನೂ ಅಸ್ತಿತ್ವದ ಪ್ರಶ್ನೆಗೆ ಬಂದಿರಲಿಲ್ಲ, ನಮ್ಮ ಹುಡುಗಿ ಎದ್ದು ಕಿಟಕಿಗೆ ಹೋಗಿದ್ದಳು. ಮೇ ತಿಂಗಳ ಬಿಸಿಲಿಗೆ ಗಾಜಿನ ಮೇಲೆ ಉಸಿರು ನಿಲ್ಲಲಿಲ್ಲ. ಉಗುಳಿ ಬಾಗಿಲು ಬರೆದಳು. ತಂಗಿ ಅರಿವೆ ತಂದು ಬಾಗಿಲು ಒರೆಸಿ, ಪ್ರಾಧ್ಯಾಪಕರ ಕಡೆ ಒಂದು ಸಲ ನೋಡಿದಳು. ಎರಡನೇ ಕಪ್ ಚಹಾ ಬರಲಿಲ್ಲ.

ಕೊನೆಗೆ ನಮ್ಮ ಹಳೆಯ ಡ್ರಾಯಿಂಗ್ ಮಾಸ್ತರ ಮನೆಗೇ ಹೋದೆವು. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಟ್ಟಿದ ಚಿತ್ರಕಲಾ ಶಾಲೆಯ ನೀರು ಕುಡಿದವರು ಅವರು. ಅಳತೆ ತಪ್ಪಿದರೆ ಅನ್ನ ಸೇರದವರು. ಪೆನ್ಸಿಲ್ ಚಾಚಿ, ಒಂದು ಕಣ್ಣು ಮುಚ್ಚಿ, ಗಿರಮಿಟ್‌ನನ್ನು ಅಳೆದರು.

"ದೊಡ್ಡ ಮನಶ್ಯಾ ಏಳೂವರೆ ತಲಿ ಉದ್ದ ಇರತಾನ. ಆಗಷ್ಟೇ ಹುಟ್ಟಿದ ಕೂಸು ನಾಲ್ಕು ತಲಿ. ಇಂವಾ ಎರಡ ತಲಿ ಇದ್ದಾನಲ್ಲೋ!"

"ಅವಾ ಹಂಗ ಅದಾನ್ರಿ ಅಜ್ಜಾರ," ಅಂದಳು ಹುಡುಗಿ.

"ನೀ ನೋಡೀಯೇನವ್ವಾ?"

"ಹೂಂ ರಿ. ನೀವು ನೋಡೀರೇನು?"

ಮಾಸ್ತರು ಪೆನ್ಸಿಲ್ ಇಳಿಸಿದರು. ಮಾಡೆಲ್ ನೋಡದೆ ಚಿತ್ರ ತಿದ್ದಬಾರದು ಎಂಬುದು ನಮಗೆ ಅವರೇ ಕಲಿಸಿದ ಪಾಠ. "ಹಂಗಾರ ಆಯ್ತವಾರ ಕರಕೊಂಡು ಬಾ, ಎದರಿಗೆ ಕುಂದರಸಿ ನೋಡೋಣು," ಅಂದರು. ಅವಳು ಸ್ವಲ್ಪ ವಿಚಾರ ಮಾಡಿ, ಅವಾ ಬ್ಯಾಡಗಿಗೆ ಮೆಣಸಿನಕಾಯಿ ತರಲಿಕ್ಕೆ ಹೋಗ್ಯಾನ, ಯಾವಾಗ ಬರತಾನೋ ಗೊತ್ತಿಲ್ಲ ಅಂದಳು. ಇದು ನ್ಯಾಯವಾದ ಕಾರಣವೆಂದು ಮಾಸ್ತರು ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅವಾ ಬರೂತನಕ ನೀ ಸುಮ್ಮನ ಕುಂದರಬ್ಯಾಡ. ನಾಲ್ಕು ಬದನಿಕಾಯಿ ಇಟಗೊಂಡು ಬರದು ತೋರಸು. ಕೈ ಹೋಗೇತಿ ನಿಂದು," ಅಂದರು.

ಸಂತೆಯಿಂದ ಒಳ್ಳೆಯ ಮುಳ್ಳುಬದನೆ ಆರಿಸಿ ತಂದು, ಕಿಟಕಿಯ ಬೆಳಕಿಗೆ ಇಟ್ಟು, ಎರಡು ಬರೆದಿದ್ದೆ. ಫೋನು ಬಂತೆಂದು ಎದ್ದು ಹೋದೆ. ಬರುವಷ್ಟರಲ್ಲಿ ತಂಗಿ ನಾಲ್ಕನ್ನೂ ಸೀಳಿ ಗುರೆಳ್ಳಿನ ಪುಡಿ ತುಂಬಿ ಎಣ್ಣಿಗಾಯಿಗೆ ಒಗ್ಗರಣೆ ಹಾಕಿದ್ದಳು. ಎಣ್ಣಿಗಾಯಿ ಛೊಲೊ ಆಗಿತ್ತು ಅನ್ನುವುದನ್ನು ಇಲ್ಲಿ ಹೇಳಲೇಬೇಕು.

ಅರ್ಧ ಚಿತ್ರವನ್ನೇ ಒಯ್ದು ತೋರಿಸಿದೆ. ಮಾಸ್ತರು ಕನ್ನಡಕ ಒರೆಸಿಕೊಂಡು ಕೇಳಿದರು: "ಉಳದ ಎರಡು ಎಲ್ಲಿ?"

ನಾನು ಬಾಯಿ ತೆಗೆಯುವ ಮೊದಲೇ ಸೊಸಿ ಹೇಳಿದಳು: "ಗಿರಮಿಟ್ ತಿಂದ್ರಿ."

ಮಾಸ್ತರ ಮುಖ ಅರಳಿತು. ಒಳಗಿನಿಂದ ಒಂದು ಸ್ಟೂಲು ತಂದು, ಬೆಳಕು ಬೀಳುವ ಕಡೆ ಇಟ್ಟು, "ಬ್ಯಾಡಗಿಯಿಂದ ಬಂದಾನಂದಂಗಾತು. ಕರೀ ಅವನ್ನ," ಅಂದರು.