ಮುಯ್ಯಿ ಪುಸ್ತಕದ ವಿಜ್ಞಾನ

ನಮ್ಮ ಬಡಾವಣೆಯ ಸರ್ಕಲ್‌ನಲ್ಲಿ ಎರಡು ಫ್ಲೆಕ್ಸ್ ಎದ್ದಿವೆ. ಒಂದು ವಾರ್ಡಿನ ಮುಖಂಡರ ಹುಟ್ಟುಹಬ್ಬದ್ದು. ಇನ್ನೊಂದರಲ್ಲಿ ಕೋಟು ಹಾಕಿ ಕೈಕಟ್ಟಿ ನಿಂತಿರುವವರು ಒಬ್ಬ ಮೆಡಿಕಲ್ ಕಾಲೇಜು ಪ್ರೊಫೆಸರ್. "ವಿಶ್ವದ ಟಾಪ್ ಶೇ. 2 ವಿಜ್ಞಾನಿಗಳಲ್ಲಿ ನಮ್ಮ ಹೆಮ್ಮೆಯ ಸರ್! ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಿಂದ ಗೌರವ!" ಎರಡೂ ಒಂದೇ ಅಂಗಡಿಯಲ್ಲಿ ಪ್ರಿಂಟ್ ಆಗಿರಬೇಕು. ಗುಲಾಬಿ ಹೂವಿನ ಬಾರ್ಡರ್ ಒಂದೇ ಥರ ಇದೆ.

ಸ್ಟ್ಯಾನ್‌ಫೋರ್ಡ್ ಯಾರಿಗೂ ಶಾಲು ಹೊದಿಸಿಲ್ಲ. ಅಲ್ಲಿನ ಪ್ರೊಫೆಸರ್ ಜಾನ್ ಅಯೋನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ಅನ್ನೋ ಸಂಶೋಧನಾ ಪ್ರಬಂಧಗಳ ದೊಡ್ಡ ಡೇಟಾಬೇಸಿನ ಸೈಟೇಶನ್ ಲೆಕ್ಕ ಇಟ್ಟುಕೊಂಡು ವರ್ಷ ವರ್ಷ ಮಾಡುವ ದೊಡ್ಡದೊಂದು ಎಕ್ಸೆಲ್ ಶೀಟ್ ಅದು. ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ. ತಮ್ಮ ಪ್ರಬಂಧವನ್ನು ತಾವೇ ಎಷ್ಟು ಸಲ ಹೆಸರಿಸಿಕೊಂಡಿದ್ದಾರೆ ಅನ್ನೋ ಕಾಲಂ ಕೂಡ ಅದರಲ್ಲಿದೆ. ಅಚ್ಚಾದ ಮೇಲೆ ಎಷ್ಟು ಪ್ರಬಂಧಗಳನ್ನು ಪತ್ರಿಕೆಯವರು ವಾಪಸ್ ಪಡೆದಿದ್ದಾರೆ ಅನ್ನೋ ಕಾಲಂ 2024ರಲ್ಲಿ ಸೇರಿತು. ಪಾಪ, ಇವಕ್ಕೆಲ್ಲ ಫ್ಲೆಕ್ಸಿನಲ್ಲಿ ಜಾಗ ಸಾಲಲಿಲ್ಲ. ಕೆಳಗೆ ಶುಭ ಕೋರುವವರ ಫೋಟೋ ಹಾಕಬೇಕಿತ್ತಲ್ಲ.

ಸೈಟೇಶನ್ ಅಂದ್ರೆ ಏನೋ ಅಂತ ನಮ್ಮಮ್ಮ ಕೇಳಿದರು. ಮುಯ್ಯಿ ಅಂದೆ. ತಕ್ಷಣ ಅರ್ಥವಾಯಿತು.

ನಮ್ಮ ಮನೆಯ ಬೀರುವಿನಲ್ಲಿ ಕೆಂಪು ರಟ್ಟಿನ ನೋಟ್ ಬುಕ್ ಒಂದಿದೆ. ಅಕ್ಕನ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ಕೂತು ಚಿಕ್ಕಪ್ಪ ಬರೆದದ್ದು. ಇಂಥವರು ಐವತ್ತೊಂದು, ಇಂಥವರು ನೂರಾ ಒಂದು, ಇಂಥವರು ಗೋಡೆ ಗಡಿಯಾರ. ಅವರ ಮನೆಯಲ್ಲಿ ಮದುವೆ ಬಂದಾಗ ಅಮ್ಮ ಪುಸ್ತಕ ತೆಗೆದು ನೋಡುತ್ತಾರೆ. ಕೊಟ್ಟವರಿಗೆ ಕೊಡಬೇಕು. ಕೊಡದವರ ಮನೆಗೆ ಊಟ ಮಾಡಿ ಬರಬೇಕು. ವಿಜ್ಞಾನ ಪ್ರಪಂಚದಲ್ಲೂ ಹಾಗೇ. ನೀವು ನನ್ನ ಪ್ರಬಂಧದ ಹೆಸರು ಬರೆಯಿರಿ, ನಾನು ನಿಮ್ಮದು ಬರೆಯುತ್ತೇನೆ. ಓದಲೇಬೇಕು ಅಂತೇನಿಲ್ಲ. ಮುಯ್ಯಿ ಕೊಡುವವರು ತಾಳಿ ಕಟ್ಟುವುದನ್ನು ನೋಡಲೇಬೇಕು ಅಂತ ಇದೆಯಾ?

"ಹಾಗಾದ್ರೆ ಯಾರು ದೊಡ್ಡೋರು ಅಂತ ಹೆಂಗೆ ಗೊತ್ತಾಗುತ್ತೆ?" ಅಮ್ಮ ಬಿಡಲಿಲ್ಲ.

ಅದಕ್ಕೂ ಲೆಕ್ಕ ಇದೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಅಂತ ಒಂದನ್ನು ಮಾಡಿದರು. ಒಂದೊಂದು ಪ್ರಬಂಧವನ್ನೂ ಒಂದೊಂದು ಮದುವೆ ಅಂದುಕೊಳ್ಳಿ. ಒಂದೇ ಮದುವೆಗೆ ಸಾವಿರ ಜನ ಬಂದರೆ ಸಾಲದು. ಹತ್ತು ಮದುವೆ ಮಾಡಿರಬೇಕು, ಪ್ರತಿ ಮದುವೆಗೂ ಕಡಿಮೆ ಅಂದರೂ ಹತ್ತು ಜನ ಮುಯ್ಯಿ ಬರೆಸಿರಬೇಕು. ಆಗ ನಿಮ್ಮ ಎಚ್-ಇಂಡೆಕ್ಸ್ ಹತ್ತು.

"ಹತ್ತು ಮದುವೆನಾ! ಶಿವ ಶಿವಾ" ಅಂತ ಅಮ್ಮ ಒಳಗೆ ಹೋದರು.

ಇದಕ್ಕೂ ಮೊದಲೇ ಯೂಜೀನ್ ಗಾರ್ಫೀಲ್ಡ್ ಅನ್ನೋ ಅಮೆರಿಕನ್ ಸೈಟೇಶನ್ ಎಣಿಸುವ ದೊಡ್ಡ ಸೂಚಿ ಶುರು ಮಾಡಿದ್ದರು. ಒಂದು ಪತ್ರಿಕೆಯ ಪ್ರಬಂಧಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನೋ ಲೆಕ್ಕ, ಅಂದರೆ ಇಂಪ್ಯಾಕ್ಟ್ ಫ್ಯಾಕ್ಟರ್, ಹುಟ್ಟಿದ್ದು ಅವರಿಂದಲೇ. ಇರುವ ದುಡ್ಡಿನಲ್ಲಿ ಯಾವ ಪತ್ರಿಕೆ ತರಿಸೋಣ ಅಂತ ತಲೆ ಕೆರೆದುಕೊಳ್ಳುವ ಲೈಬ್ರರಿಯವರಿಗೆ ಅದರಿಂದ ಅನುಕೂಲವಾಗಿತ್ತು. ಈಗ ಅದರಲ್ಲೇ ಮನುಷ್ಯರನ್ನು ತೂಗುತ್ತಿದ್ದೇವೆ. ಬೆಲ್ಲ ತೂಗುವ ತಕ್ಕಡಿಯಲ್ಲಿ ಮದುಮಗನನ್ನು ಕೂರಿಸಿದ ಹಾಗೆ.

ಫ್ಲೆಕ್ಸಿನ ಸರ್ ಕೈಕೆಳಗೆ ನನಗೆ ಪರಿಚಯದ ಡಾಕ್ಟರೊಬ್ಬರಿದ್ದಾರೆ. ಒಳ್ಳೆಯ ಕೈಗುಣ. ನಮ್ಮಮ್ಮನ ಕೆಮ್ಮು ಅವರ ಮಾತಿಗೇ ಅರ್ಧ ಕಡಿಮೆಯಾಗುತ್ತದೆ. ಆದರೆ ಕೈಗುಣಕ್ಕೆ ಬಡ್ತಿ ಸಿಗೋದಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಮೇಲಕ್ಕೆ ಹೋಗಬೇಕಾದರೆ ಪ್ರಬಂಧ ಬೇಕು. ಬೆಳಗ್ಗೆ ಓಪಿಡಿ, ಮಧ್ಯಾಹ್ನ ಪಾಠ, ರಾತ್ರಿ ಡ್ಯೂಟಿ. ಪ್ರಬಂಧ ಯಾವಾಗ ಬರೆಯೋದು? ಅಂತೂ ಒಂದು ಬರೆದರು. ಅದರಲ್ಲಿ ಆರು ಜನರ ಹೆಸರು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ "ಸುಖಾಗಮನ ಬಯಸುವವರು" ಅಂತ ಇರುತ್ತದಲ್ಲ, ಹಾಗೆ. ಮೊದಲ ಹೆಸರು ರೋಗಿಗಳನ್ನು ನೋಡಿದ ಈ ಡಾಕ್ಟರದು. ಕೊನೆಯ ಹೆಸರು ಫ್ಲೆಕ್ಸಿನ ಸರ್‌ದು. ವೈದ್ಯವಿಜ್ಞಾನದಲ್ಲಿ ಕೊನೆಯ ಜಾಗವೇ ಗುರುಪೀಠ. ಮಧ್ಯದ ನಾಲ್ವರು ಯಾರು ಅಂತ ಕೇಳಿದೆ. "ಬಿಡಿ ಸಾರ್, ಅವರೂ ನನ್ನ ಹೆಸರು ಹಾಕ್ತಾರೆ" ಅಂದರು.

ಆಮೇಲೆ ಮೊಬೈಲ್ ತೆಗೆದು ವಾಟ್ಸ್ಯಾಪ್ ತೋರಿಸಿದರು. "ಡಿಯರ್ ಡಾಕ್ಟರ್, ಸ್ಕೋಪಸ್ ಪೇಪರ್, ಮೂರನೇ ಆಥರ್ ಸೀಟ್ ಖಾಲಿ ಇದೆ." ಕಿಟಕಿ ಪಕ್ಕದ ಸೀಟಿಗೆ, ಅಂದರೆ ಮೊದಲ ಆಥರ್‌ಗೆ, ರೇಟ್ ಜಾಸ್ತಿಯಂತೆ. ವಿಷಯ ಏನು ಅಂತ ಇವರು ಕೇಳಿದ್ದಕ್ಕೆ ಉತ್ತರ: "ಪೇಮೆಂಟ್ ಆದ ಮೇಲೆ ಟೈಟಲ್ ಕಳಿಸ್ತೀವಿ."

ದುಡ್ಡಿಗೆ ಪ್ರಬಂಧ ಮಾರುವ ಇಂಥ ಕಾರ್ಖಾನೆಗಳಲ್ಲಿ ತಯಾರಾಗುವ ಮಾಲು ಹೇಗಿರುತ್ತೆ ಗೊತ್ತಾ? ಬೇರೆಯವರ ಬರಹ ಕದ್ದು, ನಕಲು ಹಿಡಿಯುವ ಸಾಫ್ಟ್‌ವೇರಿಗೆ ಸಿಗದ ಹಾಗೆ ಪದಗಳನ್ನು ಯಂತ್ರದಿಂದ ಬದಲಿಸುತ್ತಾರೆ. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು 2021ರಲ್ಲಿ ಇಂಥ ಪದಗಳನ್ನು ಹೆಕ್ಕಿ ತೋರಿಸಿದರು. ಸ್ತನ ಕ್ಯಾನ್ಸರ್ ಅನ್ನೋದು ಇಂಗ್ಲಿಷಿನಲ್ಲೇ "ಎದೆಯ ಗಂಡಾಂತರ" ಆಗಿತ್ತು. ಕಿಡ್ನಿ ವೈಫಲ್ಯ "ಕಿಡ್ನಿಯ ನಿರಾಸೆ" ಆಗಿತ್ತು. ಕಿಡ್ನಿಗೆ ಯಾಕೆ ನಿರಾಸೆಯಾಯಿತು ಅಂತ ಕೇಳಬೇಡಿ. ಆ ಪ್ರಬಂಧ ಓದಿರಬೇಕು.

ದೊಡ್ಡ ಅಂಗಡಿಗಳೇನೂ ಕಡಿಮೆಯಿಲ್ಲ. 2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಪ್ರಕಾಶನದ ಜೀವಕೋಶ ವಿಜ್ಞಾನದ ಪತ್ರಿಕೆಯೊಂದರಲ್ಲಿ ಇಲಿಯ ಚಿತ್ರ ಬಂತು. ಎಐ ಬರೆದ ಚಿತ್ರ. ಆ ಇಲಿಯ ಜನನಾಂಗ ಅದರ ಮೈಗಿಂತ ದೊಡ್ಡದು. ಪಕ್ಕದಲ್ಲಿ ಬಾಣ ಹಾಕಿ ಬರೆದ ಹೆಸರುಗಳಲ್ಲಿ ಹೆಚ್ಚಿನವು ಯಾವ ಭಾಷೆಯವೂ ಅಲ್ಲ. ತಜ್ಞರ ಪರಿಶೀಲನೆ ದಾಟಿಯೇ ಬಂದಿತ್ತು. ಊರೆಲ್ಲ ನಕ್ಕ ಮೇಲೆ ಕೆಲವೇ ದಿನಗಳಲ್ಲಿ ಪ್ರಬಂಧ ವಾಪಸಾಯಿತು.

ಇಲಿ ಬಂದ ಮೇಲೆ ಬೆಕ್ಕು ಬರಲೇಬೇಕು.

ಅದರ ಹೆಸರು ಲ್ಯಾರಿ. ಅಮೆರಿಕದ ಸಂಶೋಧಕ ರೀಸ್ ರಿಚರ್ಡ್‌ಸನ್ ಅವರ ಅಜ್ಜಿ ಸಾಕಿದ್ದು. ದುಡ್ಡಿಗೆ ಸೈಟೇಶನ್ ಮಾರುವವರ ಜಾಹೀರಾತು ನೋಡಿ, ಇದು ಎಷ್ಟು ಸುಲಭ ಅಂತ ತೋರಿಸೋಣ ಅಂದುಕೊಂಡರು ಅವರು ಮತ್ತು ಇನ್ನೊಬ್ಬ ಸಂಶೋಧಕ ನಿಕ್ ವೈಸ್. 2024ರಲ್ಲಿ ಲ್ಯಾರಿಯ ಹೆಸರಿನಲ್ಲಿ 12 ಪ್ರಬಂಧ ತಯಾರಾದವು. ಎಲ್ಲ ಕಂಪ್ಯೂಟರ್ ಕಕ್ಕಿದ ಅರ್ಥವಿಲ್ಲದ ಗಣಿತ. ಅವನ್ನು ಹೊಗಳಿ ಹೆಸರಿಸಲು ಇನ್ನೊಂದಿಷ್ಟು ಬೊಗಳೆ ಪ್ರಬಂಧ. ಎಲ್ಲವನ್ನೂ ರಿಸರ್ಚ್‌ಗೇಟ್ ಅನ್ನೋ ಸಂಶೋಧಕರ ಜಾಲತಾಣಕ್ಕೆ ಹಾಕಿ ಸುಮ್ನೆ ಕೂತರು. ಪ್ರಬಂಧ ಹುಡುಕಿ ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್ ಬಂದು ಎಣಿಸಿಕೊಂಡು ಹೋಯಿತು. 132 ಸೈಟೇಶನ್, ಎಚ್-ಇಂಡೆಕ್ಸ್ 11. ಸುದ್ದಿಯಾದ ಮೇಲೆ ಗೂಗಲ್ ಅದನ್ನೆಲ್ಲ ಅಳಿಸಿತು.

ಬೆಕ್ಕುಗಳಲ್ಲಿ ಅದಕ್ಕಿಂತ ಮುಂಚಿನ ದೊಡ್ಡ ಹೆಸರು ಚೆಸ್ಟರ್‌ದು. 1975ರಲ್ಲಿ ಮಿಶಿಗನ್‌ನ ಭೌತವಿಜ್ಞಾನಿ ಜಾಕ್ ಹೆದರಿಂಗ್ಟನ್ ಒಬ್ಬರೇ ಬರೆದ ಪ್ರಬಂಧದಲ್ಲಿ ಎಲ್ಲ ಕಡೆ "ನಾವು" ಅಂತ ಟೈಪಾಗಿತ್ತು. ಮತ್ತೆ ಟೈಪ್ ಮಾಡುವ ಬದಲು ಮನೆಯ ಬೆಕ್ಕನ್ನು ಎಫ್. ಡಿ. ಸಿ. ವಿಲ್ಲರ್ಡ್ ಅನ್ನುವ ಹೆಸರಿನಲ್ಲಿ ಜೊತೆ ಲೇಖಕ ಮಾಡಿದರು. ನಮ್ಮಲ್ಲಾದರೆ ಒಬ್ಬರೇ "ನಾವು" ಅಂದರೆ ಮಠದವರು ಅಂತ ಕಾಲಿಗೆ ಬೀಳುತ್ತಿದ್ದೆವು.

ಲ್ಯಾರಿಯ ಕಥೆಯನ್ನು ಡಾಕ್ಟರಿಗೆ ನಗುನಗುತ್ತಾ ಹೇಳಿದೆ. ಅವರು ನಗಲಿಲ್ಲ.

"ಹನ್ನೊಂದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಂದು ನಾಲ್ಕು."

ಸಮಾಧಾನ ಮಾಡೋಣ ಅಂತ ಶಂಭುನಾಥ ಡೇ ಅವರ ವಿಷಯ ತೆಗೆದೆ. ಕೋಲ್ಕತ್ತದ ಡಾಕ್ಟರು. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಕಾಲರಾ ರೋಗಾಣು ಬೆಳೆಸಿದ ದ್ರವವನ್ನು ಅದರೊಳಗೆ ಬಿಟ್ಟರು. ರೋಗಾಣುಗಳನ್ನೆಲ್ಲ ಮೊದಲೇ ಸೋಸಿ ತೆಗೆದಿದ್ದರು. ಆದರೂ ಕರುಳು ನೀರು ತುಂಬಿಕೊಂಡು ಬಲೂನಿನ ಹಾಗೆ ಉಬ್ಬಿತು. ಅಂದರೆ ಜೀವ ತೆಗೆಯುವುದು ರೋಗಾಣು ಬಿಡುವ ವಿಷ. 1959ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲ ಕೆಲವು ವರ್ಷ ಮುಯ್ಯಿ ಬರೆಸಿದವರು ಬೆರಳೆಣಿಕೆಯಷ್ಟು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಇವರಿಗೂ ನೊಬೆಲ್ ಕೊಡಿ ಅಂತ ಹೆಸರು ಸೂಚಿಸಿದ್ದರು, ಸಿಗಲಿಲ್ಲ. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. 1985ರಲ್ಲಿ ತೀರಿಕೊಂಡರು. ಮರುವರ್ಷ ಅವರ ಕೆಲಸ ಎಂಥದ್ದು ಅಂತ ಉದ್ದಕ್ಕೆ ಬರೆದವರು ಯಾರು ಹೇಳಿ? ಸೈಟೇಶನ್ ಎಣಿಸೋದನ್ನು ಶುರು ಮಾಡಿದ ಅದೇ ಗಾರ್ಫೀಲ್ಡ್.

ಡಾಕ್ಟರು ಗಂಭೀರವಾಗಿ ಕೇಳಿಸಿಕೊಂಡರು. "ಗ್ರೇಟ್ ಸಾರ್" ಅಂದರು. ಆಮೇಲೆ, "1959ರ ಪೇಪರ್. ನಮ್ಮ ಕಮಿಟಿಯವರು ಹಳೇದು ತಗೊಳಲ್ಲ" ಅಂದರು.

ಹೊರಡುವಾಗ ಬ್ಯಾಗಿನಿಂದ ಒಂದು ಕಾರ್ಡ್ ತೆಗೆದು ಕೊಟ್ಟರು. ಫ್ಲೆಕ್ಸಿನ ಸರ್‌ಗೆ ಭಾನುವಾರ ಅಭಿನಂದನಾ ಸಮಾರಂಭ, ಆಮೇಲೆ ಊಟ. ಮನೆಗೆ ತಂದು ಟೀಪಾಯಿ ಮೇಲೆ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಕಾರ್ಡಿನ ಎರಡೂ ಕಡೆ ಓದಿದರು. ಎದ್ದು ಹೋಗಿ ಬೀರುವಿನಿಂದ ಕೆಂಪು ರಟ್ಟಿನ ಪುಸ್ತಕ ತಂದರು.

"ಇವ್ರು ನಮ್ಮನೆ ಮದುವೆಗೆ ಬಂದಿದ್ರೇನೋ? ಹೆಸರೇ ಸಿಗ್ತಿಲ್ಲ."